ಬೇಡದ ರಾಶಿ

ಅಂಬರೀನ್ ತುಂಬಿಸುತ್ತಿದ್ದ ಪುಟಕ್ಕೆ ದಿನವೂ ಮೂರು ಅಂಕಣ. ಎಡಕ್ಕೆ ಸಿನಿಮಾದವರ, ಧಾರಾವಾಹಿಯವರ ಮನೆಸುದ್ದಿ. ನಡುವೆ ನೆಂಟರಿಷ್ಟರು ಸೇರಿದಾಗ ಮಾಡಬಹುದಾದ ಒಂದು ತಿಂಡಿ. ಬಲಕ್ಕೆ ಈ ಸೀಮೆಯ ಹಳೆಯದೇನಾದರೂ ಒಂದು, ವೀರಗಲ್ಲೋ, ಕಲ್ಯಾಣಿಯೋ, ಮರೆತುಹೋದ ಅಡುಗೆಯೋ. ಚಿಕ್ಕಬಳ್ಳಾಪುರದಲ್ಲಿ ಅಚ್ಚಾಗುವ ಆ ದಿನಪತ್ರಿಕೆಯಲ್ಲಿ ಜನ ಮೊದಲು ತಿರುಗಿಸುವುದೇ ಈ ಪುಟವನ್ನು ಎಂದು ಸಂಪಾದಕ ಮುರಳಿಮೋಹನ್ ಹೇಳುತ್ತಿದ್ದರು. ಅವಳು ಶಿಡ್ಲಘಟ್ಟದ ಮನೆಯ ಮಹಡಿಯಲ್ಲಿ ಕೂತು ಬರೆಯುತ್ತಿದ್ದಳು. ಕೆಳಗೆ ಅಪ್ಪ ಖಲೀಮುಲ್ಲಾ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುತ್ತಿದ್ದರು.

ಆ ಭಾನುವಾರ ಮೂರು ಅಂಕಣಕ್ಕೂ ಒಂದೇ ವಿಷಯ ಒದಗಿತ್ತು. ಧಾರಾವಾಹಿಯ ನಟಿಯೊಬ್ಬಳು ತನಗೆ ಅಜ್ಜಿಯ ಊರಿನ ಬೆರಕೆ ಸೊಪ್ಪು ಅಂದರೆ ಪ್ರಾಣ ಅಂದಿದ್ದಳು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾವಾಗಿ ಹುಟ್ಟುವ ಹತ್ತಾರು ಸೊಪ್ಪನ್ನು ಆಯ್ದು, ಬೆರೆಸಿ ಮಾಡುವ ಅಡುಗೆ ಅದು. ಅಂಬರೀನ್ ದಿಬ್ಬೂರಹಳ್ಳಿಗೆ ಹೋಗಿ, ಸೊಪ್ಪು ಆಯುವುದರಲ್ಲಿ ಕೈ ಪಳಗಿದ ಚಿಕ್ಕವೆಂಕಟಮ್ಮನನ್ನು ಮಾತಾಡಿಸಿ, ಅವರ ಜಗುಲಿಯ ಮೇಲಿದ್ದ ಸೊಪ್ಪಿನ ರಾಶಿಯ ಫೋಟೋ ತೆಗೆದು ತಂದಿದ್ದಳು. ಎರಡು ರಾಶಿ ಇದ್ದವು. ಬಿಸಿಲು ಚೆನ್ನಾಗಿ ಬಿದ್ದಿದ್ದ ರಾಶಿಯನ್ನು ತೆಗೆದಿದ್ದಳು. ನಡುವಿನ ಅಂಕಣದಲ್ಲಿ ಬೆರಕೆ ಸೊಪ್ಪಿನ ವಡೆ ಮಾಡುವ ಬಗೆ ಬರೆದು, "ಚಿತ್ರದಲ್ಲಿರುವ ಸೊಪ್ಪುಗಳನ್ನು ಆಯ್ದುಕೊಳ್ಳಿ" ಎಂದು ಸೇರಿಸಿದ್ದಳು.

ಬೆಳಿಗ್ಗೆ ಏಳಕ್ಕೇ ಓದುಗರ ಮೆಸೇಜು ಬರತೊಡಗಿದವು. ಕಳವಾರದ ತನುಜ ಎಂಬಾಕೆ ಬುಟ್ಟಿ ತುಂಬಿದ ಸೊಪ್ಪಿನ ಫೋಟೋ ಕಳಿಸಿದ್ದಳು. "ಮೇಡಂ, ನಿಮ್ಮ ಫೋಟೋದಲ್ಲಿರೋ ಸೊಪ್ಪೆಲ್ಲ ನಮ್ಮ ಬದುವಲ್ಲೇ ಸಿಕ್ತು. ಇವತ್ತು ನಮ್ಮ ನಾದಿನಿ ಸೀಮಂತ, ಇದೇ ವಡೆ ಮಾಡ್ತಿದೀನಿ." ಅಂಬರೀನ್ ಒಂದು ಕೆಂಪು ಹೃದಯ ಒತ್ತಿ ಕಳಿಸಿದಳು.

ಒಂಬತ್ತೂವರೆಗೆ ಚಿಕ್ಕವೆಂಕಟಮ್ಮನ ಮಗ ರಾಮಾಂಜಿನಪ್ಪ ಫೋನು ಮಾಡಿದ. ದನಿ ತಗ್ಗಿತ್ತು.

"ಮೇಡಮ್ಮ, ಪೇಪರ್ ನಮ್ಮವ್ವಂಗೆ ತೋರಿಸ್ದೆ. ಅವ್ವ ಬೆಳಗಿಂದ ಒಂದೇ ಸಮ ಬೈತಾ ಇದೆ. ನೀವು ಹಾಕಿರೋದು ತಿನ್ನೋ ಸೊಪ್ಪಲ್ಲವಂತೆ. ಆಯ್ದು ಬಿಸಾಕಿದ ರಾಶಿಯಂತೆ."

"ಬಿಸಾಕಿದ್ದು ಅಂದ್ರೆ? ಏನಿದೆ ಅದ್ರಲ್ಲಿ?"

"ಉಮ್ಮತ್ತಿ ಇದೆ ಮೇಡಮ್ಮ. ಎಳೇದು. ಎಳೇದಾಗಿದ್ದಾಗ ಗಣಿಕೆ ಸೊಪ್ಪಿನಂಗೇ ಇರ್ತದೆ. ತಿಂದ್ರೆ ತಲೆ ಕೆಡ್ತದೆ. ಜಾಸ್ತಿ ಆದ್ರೆ..."

ಅಂಬರೀನ್ ತನುಜಳ ಬುಟ್ಟಿಯ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಗಣಿಕೆ ಯಾವುದು, ಉಮ್ಮತ್ತಿ ಯಾವುದು ಅವಳಿಗೆ ಗೊತ್ತಾಗಲಿಲ್ಲ. ನಿನ್ನೆಯೂ ಗೊತ್ತಿರಲಿಲ್ಲ, ಗೊತ್ತಿರುವವಳಂತೆ ಬರೆದಿದ್ದಳು. ತನುಜಳ ನಂಬರಿಗೆ ಹತ್ತು ಸಲ ಫೋನು ಮಾಡಿದಳು. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಸೀಮಂತದ ಮನೆಯಲ್ಲಿ ಫೋನು ಯಾವ ಮೂಲೆಯಲ್ಲಿ ಬಿದ್ದಿದೆಯೋ.

ಮುರಳಿಮೋಹನ್‌ಗೆ ಹೇಳಿದಾಗ ಅವರೆಂದರು: "ನೆಟ್ಟಲ್ಲಿರೋ ಫೋಟೋ ಈಗ್ಲೇ ತೆಗೆಸ್ತೀನಿ. ನೀನು ಯಾರಿಗೂ ಏನೂ ಹೇಳ್ಬೇಡಮ್ಮ. ಉಮ್ಮತ್ತಿ ಯಾರಿಗೆ ಗೊತ್ತಿಲ್ಲ? ಹಳ್ಳಿಯೋರು ನೋಡ್ಕೊಂಡೇ ಮಾಡಿರ್ತಾರೆ."

"ಅಚ್ಚಾಗಿರೋದನ್ನ ಹೆಂಗೆ ತೆಗೀತೀರ ಸಾರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಸ್ಕೂಟರ್ ಹತ್ತಿದಳು.

ಚಿಕ್ಕಬಳ್ಳಾಪುರ ದಾಟಿ ಕಳವಾರ ಸೇರುವ ಹೊತ್ತಿಗೆ ಮುಕ್ಕಾಲು ಗಂಟೆಯಾಯಿತು. ದಾರಿಯ ಪ್ರತಿ ಅಂಗಡಿಯ ಮುಂದೂ ಯಾರೋ ಪೇಪರ್ ಹಿಡಿದು ಕೂತಂತೆ ಕಂಡಿತು. ಊರ ಮುಂದೆ ಶಾಮಿಯಾನ ಹಾಕಿದ್ದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಳಗೆ ಹೆಂಗಸರು ಹಾಡುತ್ತಿದ್ದರು. ಹಸಿರು ಸೀರೆಯುಟ್ಟ ಬಸುರಿ, ತನುಜಳ ನಾದಿನಿ ಸೌಜನ್ಯ, ಮಣೆಯ ಮೇಲೆ ಕೂತಿದ್ದಳು. ಅವಳ ಮುಂದಿನ ಎಲೆಯಲ್ಲಿ ಕಚ್ಚಿ ಬಿಟ್ಟ ಒಂದು ವಡೆ ಇತ್ತು.

ಅಂಬರೀನ್ ಚಪ್ಪಲಿ ಬಿಡುವುದನ್ನೂ ಮರೆತು ನುಗ್ಗಿ ಆ ಎಲೆಯನ್ನು ಎಳೆದುಕೊಂಡಳು. ಹಾಡು ನಿಂತಿತು.

"ಯಾರಮ್ಮ ನೀನು?" ಎಂದಳು ಒಬ್ಬ ಮುದುಕಿ.

"ಪೇಪರಲ್ಲಿ ಈ ವಡೆ ಬರ್ದೋಳು ನಾನು. ಸೊಪ್ಪು ತಪ್ಪಾಗಿದೆ. ಅದ್ರಲ್ಲಿ ಉಮ್ಮತ್ತಿ ಇದೆ. ದಯವಿಟ್ಟು ಯಾರೂ ತಿನ್ಬೇಡಿ." ಮತ್ತೆ ಬಸುರಿಯ ಕಡೆ ತಿರುಗಿ, "ನೀವೆಷ್ಟು ತಿಂದ್ರಿ?" ಎಂದಳು.

"ಒಂದು ತುತ್ತು. ಕಹಿ ಅನ್ನಿಸ್ತು, ಬಿಟ್ಟೆ," ಎಂದಳು ಸೌಜನ್ಯ. ಹೇಳುತ್ತಲೇ ಅವಳ ಎರಡೂ ಕೈ ಹೊಟ್ಟೆಯ ಮೇಲೆ ಹೋದವು.

ಅಡುಗೆಮನೆಯಿಂದ ತನುಜ ಜಾಲರಿ ಸೌಟು ಹಿಡಿದೇ ಬಂದಳು. ಮೊದಲ ಒಬ್ಬೆ ಮಾತ್ರ ಆಗಿತ್ತು, ಪಂಕ್ತಿ ಇನ್ನೂ ಕೂತಿರಲಿಲ್ಲ. ಆದರೆ ತನುಜ ಹಿತ್ತಲ ಬಾಗಿಲ ಕಡೆ ನೋಡಿದಳು.

"ಮಾವ ತಿಂದ್ರು," ಎಂದಳು. "ಹಸಿವು ತಡಿಯಲ್ಲ ಅಂತ ಆಗ್ಲೇ ನಾಲ್ಕು ಇಸ್ಕೊಂಡು ಹುಳದ ಮನೆ ಕಡೆ ಹೋದ್ರು."

ಹಿತ್ತಲಿನಲ್ಲಿ ರೇಷ್ಮೆಹುಳು ಸಾಕುವ ಮನೆಯೊಳಗೆ ತನುಜಳ ಮಾವ ಬಯ್ಯಪ್ಪ ಒಬ್ಬರೇ ನಿಂತಿದ್ದರು. ಆ ಸಲದ ಗೂಡು ಮಾರಾಟವಾಗಿ ತಟ್ಟೆಗಳೆಲ್ಲ ಖಾಲಿ. ಮುದುಕರು ಮಾತ್ರ ಎರಡು ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಹಿಡಿದು ಪಕ್ಕಕ್ಕೆ ಇಡುತ್ತಿದ್ದರು, ಮತ್ತೆ ಹಿಡಿಯುತ್ತಿದ್ದರು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಬಿಡುವವರ ಕೈ ಹಾಗೆಯೇ ಆಡುತ್ತದೆ. ರೇಷ್ಮೆಯ ಊರಲ್ಲಿ ಬೆಳೆದ ಅಂಬರೀನಳಿಗೆ ಅದು ನೋಡಿದೊಡನೆ ತಿಳಿಯಿತು.

"ಮಾವ," ಎಂದು ಕರೆದಳು ತನುಜ.

ಅವರು ತಿರುಗಿದರು. ಮುಖ ಕೆಂಪಾಗಿತ್ತು. ಕಣ್ಣಿನ ಕಪ್ಪು ಅಗಲವಾಗಿ ಕಣ್ಣೆಲ್ಲ ಕಪ್ಪಾಗಿತ್ತು. "ಬೇಗ ಬೇಗ ಆರ್ಸಮ್ಮ," ಎಂದರು ಒಣಗಿದ ನಾಲಿಗೆಯಲ್ಲಿ. "ಗೋಡೆ ಮೇಲೆಲ್ಲ ಹತ್ತವೆ ನೋಡು. ನಿನ್ನ ತಲೆ ಮೇಲೂ ಹತ್ತವೆ."

ತನುಜಳ ಗಂಡ ರಮೇಶ್‌ಬಾಬು ಕಾರು ತಂದ. ತಂದೆಯನ್ನೂ ತಂಗಿಯನ್ನೂ ತನುಜಳನ್ನೂ ಕೂರಿಸಿಕೊಂಡ. ಅಂಬರೀನ್ ಕರೆಯದಿದ್ದರೂ ಹತ್ತಿಕೊಂಡಳು. ದಾರಿಯುದ್ದಕ್ಕೂ ಬಯ್ಯಪ್ಪ ಅವಳ ದುಪಟ್ಟಾದ ಮೇಲಿಂದ ಹುಳು ಆರಿಸುತ್ತಲೇ ಇದ್ದರು. ಅವಳು ಅಲುಗಾಡದೆ ಕೂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದರು ಎಂದು ಕೇಳುವಾಗಲೇ ಮುರಳಿಮೋಹನ್ ಫೋನು ಬಂತು. "ಅಲ್ಲಿ ಪೇಪರ್ ಹೆಸರು ಎತ್ಬೇಡ," ಎಂದರು. ಅಂಬರೀನ್ ಫೋನನ್ನು ಚೀಲಕ್ಕೆ ಹಾಕಿ, ಅದರಲ್ಲಿದ್ದ ಪೇಪರಿನ ಪುಟವನ್ನು ಬಿಡಿಸಿ ಡಾಕ್ಟರ ಮುಂದಿಟ್ಟಳು.

"ನಾನು ಬರ್ದಿದ್ದು," ಎಂದಳು. "ಇನ್ನೂ ಎಷ್ಟು ಮನೇಲಿ ಮಾಡಿದಾರೋ ಗೊತ್ತಿಲ್ಲ."

ಡಾಕ್ಟರು ಬೇರೆ ಆಸ್ಪತ್ರೆಗಳಿಗೂ ತಿಳಿಸಲು ಹೇಳಿ ಒಳಗೆ ಹೋದರು. ಅವಳು ಹೊರಗಿನ ಬೆಂಚಿನ ಮೇಲೆ ಕೂತು, ಅದೇ ಫೋಟೋಗೆ ಅಡ್ಡಗೆರೆ ಎಳೆದು, ಕೆಳಗೆ ತನ್ನ ಹೆಸರು ಹಾಕಿ, ತನಗೆ ಗೊತ್ತಿದ್ದ ಎಲ್ಲ ಗ್ರೂಪುಗಳಿಗೂ ಕಳಿಸಿದಳು. ಆಮೇಲೆ ಫೋನು ನಿಲ್ಲಲಿಲ್ಲ. ಚಿಂತಾಮಣಿಯ ಒಬ್ಬಾಕೆ ಹೆಚ್ಚಿಟ್ಟಿದ್ದನ್ನು ತಿಪ್ಪೆಗೆ ಸುರಿದೆ ಎಂದಳು. ಗೌರಿಬಿದನೂರಿನ ಒಬ್ಬರು, "ನಿಮ್ಮನ್ನ ನಂಬಿ ಮಕ್ಕಳಿಗೆ ಕೊಡೋರಿದ್ವಲ್ಲಮ್ಮ," ಎಂದಷ್ಟೇ ಹೇಳಿ ಇಟ್ಟರು. ಪ್ರತಿ ಸಲ ಫೋನು ಹೊಡೆದುಕೊಂಡಾಗಲೂ ಇದೇ ಇರಬೇಕು ಅಂದುಕೊಳ್ಳುತ್ತಿದ್ದಳು, ಯಾರೋ ಸತ್ತ ಸುದ್ದಿ.

ಒಳಗೆ ಸೌಜನ್ಯಳ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ಹುಡುಕುತ್ತಿದ್ದರು. ಬರೀ ಗರಗರ ಸದ್ದು. ಬಾಗಿಲ ಬಳಿ ನಿಂತಿದ್ದ ತನುಜ ಅಂಬರೀನಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಗುರು ನೆಟ್ಟವು. ಕೊನೆಗೆ ಕುದುರೆ ಓಡಿದಂಥ ಸದ್ದು ಕೇಳಿಸಿತು. ತನುಜ ಮಣಿಕಟ್ಟು ಬಿಟ್ಟಳು.

ಬಯ್ಯಪ್ಪನವರಿಗೆ ಬುದ್ಧಿ ಸ್ಥಿಮಿತಕ್ಕೆ ಬರಲು ಎರಡು ದಿನ ಹಿಡಿಯಿತು. ಕಣ್ಣು ಬಿಟ್ಟು ನೀರು ಕೇಳಿದರು, ನಡುವೆ ಆದದ್ದೊಂದೂ ಅವರಿಗೆ ನೆನಪಿರಲಿಲ್ಲ. ಜಿಲ್ಲೆಯಲ್ಲಿ ಬೇರೆ ಯಾರಿಗೂ ಏನೂ ಆದ ಸುದ್ದಿ ಬರಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಫೋನಿನಲ್ಲೂ ಅಂಬರೀನಳ ಹೆಸರು ಓಡಾಡಿದ್ದರಿಂದ, ಮುರಳಿಮೋಹನ್ ಮೊದಲ ಪುಟದಲ್ಲೇ ತಪ್ಪೊಪ್ಪಿಗೆ ಹಾಕಿದರು. ಪುಟವನ್ನು ಬೇರೆಯವರಿಗೆ ಕೊಟ್ಟರು. ಅವಳು ಜಗಳವಾಡಲಿಲ್ಲ.

ವಾರ ಕಳೆದ ಮೇಲೆ ಅವಳು ದಿಬ್ಬೂರಹಳ್ಳಿಗೆ ಹೋದಳು. ಚಿಕ್ಕವೆಂಕಟಮ್ಮ ಜಗುಲಿಯ ಮೇಲೆ ಕೂರಿಸಿ ಉಮ್ಮತ್ತಿಯದೊಂದು, ಗಣಿಕೆಯದೊಂದು ಎಲೆ ಕೊಟ್ಟರು. "ನೋಡು ಅಮ್ಮಾಯಿ. ಮುರಿದು ಮೂಸು. ಇದು ನಾರ್ತದೆ, ಇದು ನಾರಲ್ಲ. ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ. ನೀನು ಬರೀ ಫೋನಲ್ಲಿ ನೋಡ್ದೆ."

"ತಪ್ಪಾಯ್ತು ಅಜ್ಜಿ."

"ನಂದೂ ತಪ್ಪೇ. ಅದು ಬೇಡದ್ದು ಅಂತ ಬಾಯ್ಬಿಟ್ಟು ಹೇಳ್ಬೇಕಿತ್ತು."

ಮಧ್ಯಾಹ್ನ ಮುದ್ದೆಯ ಜೊತೆ ಬೆರಕೆ ಸೊಪ್ಪಿನ ಸಾರು ಬಡಿಸಿದರು. ಅಂಬರೀನ್ ತಟ್ಟೆ ನೋಡುತ್ತಾ ಕೂತಳು. ಬೆರಳು ಮುಂದಕ್ಕೆ ಹೋಗಲೊಲ್ಲದು. ಮುದುಕಿ ಅದನ್ನು ಗಮನಿಸಿ, ಅವಳ ತಟ್ಟೆಯಿಂದಲೇ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು.

"ತಿಂದೆ ನೋಡು," ಎಂದರು. "ಅವಸರ ಏನಿಲ್ಲ. ನಿಂಗೆ ಧೈರ್ಯ ಬಂದಾಗ ತಿನ್ನು."