ಲಾಭ, ಎರಡು, ಮೂರು

ನನಗೆ ಬೀಜಗಣಿತ ಚೆನ್ನಾಗಿ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ದಡ್ಡನೆಂದುಕೊಳ್ಳುತ್ತೀರಿ. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರಕ್ಕೆ ಅಷ್ಟು ಬಂದರೆ ಸಾಕೆಂದು ಪ್ರೊಫೆಸರರೇ ಹೇಳಿದ್ದರು. ಅಕ್ಷರಗಳನ್ನು ಈ ಕಡೆಯಿಂದ ಆ ಕಡೆಗೆ ಒಯ್ಯಬೇಕು, ಗೊತ್ತಿದ್ದದ್ದನ್ನು ಹಾಕಿ ಗೊತ್ತಿಲ್ಲದ್ದನ್ನು ಹೊರಗೆ ತೆಗೆಯಬೇಕು. ಕಾಗದದ ಮೇಲೆ ನಾನು ಹುಲಿ. ಆದರೆ ದಾರಕ್ಕೆ ಕಟ್ಟಿದ ಒಂದು ಗುಂಡು ನನ್ನನ್ನು ಇಲಿ ಮಾಡಿಬಿಟ್ಟಿತ್ತು.

೧೯೨೦ನೆಯ ಇಸವಿ. ಶಿವರಾತ್ರಿಯ ಸೂಟಿಗೆ ಧಾರವಾಡದ ಕಾಲೇಜಿನಿಂದ ನಮ್ಮೂರು ಮನೋಳಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಪ್ರಯೋಗದ ವಹಿ ಇತ್ತು. ಅದರ ಒಂದು ಪುಟದ ಮೇಲೆ ಪ್ರೊಫೆಸರರು ಕೆಂಪು ಮಸಿಯಲ್ಲಿ ಮೂರು ಸಲ ‘ಮತ್ತೆ ಮಾಡು’ ಎಂದು ಬರೆದಿದ್ದರು. ಪ್ರಯೋಗ ಬಹಳ ಸಣ್ಣದು. ಮೂರು ಅಡಿ ಮೂರು ಅಂಗುಲದ ದಾರಕ್ಕೆ ಗುಂಡು ಕಟ್ಟಿ ತೂಗಬಿಡಬೇಕು, ಅದು ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬೇಕು. ಅದನ್ನು ಸೂತ್ರದಲ್ಲಿ ಹಾಕಿದರೆ ಭೂಮಿಯ ಸೆಳೆತ ಎಷ್ಟೆಂದು ತಿಳಿಯುತ್ತದೆ. ಎಲ್ಲರಿಗೂ ನಲವತ್ತು ಸೆಕೆಂಡು ಬರುತ್ತಿತ್ತು, ಉತ್ತರ ಮೂವತ್ತೆರಡು. ನನಗೆ ಮೂವತ್ತೆಂಟು ಸೆಕೆಂಡು, ಉತ್ತರ ಮೂವತ್ತೈದೂವರೆಯ ಮೇಲೆ. ಭೂಮಿತಾಯಿಗೆ ನನ್ನೊಬ್ಬನ ಮೇಲೆಯೇ ಯಾಕೆ ಇಷ್ಟು ಪ್ರೀತಿ ಎಂದು ಗೆಳೆಯರು ಚೇಷ್ಟೆ ಮಾಡಿದರು.

ಚೇಷ್ಟೆ ಅವರಿಗೆ, ಪ್ರಾಣಸಂಕಟ ನನಗೆ. ಸೂಟಿ ಮುಗಿದ ಸೋಮವಾರ ಆ ಪುಟಕ್ಕೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಹಿಂದಿನ ವರ್ಷ ಒಮ್ಮೆ ನಪಾಸಾಗಿದ್ದೆ. ನಮ್ಮಪ್ಪ ನಿಜಗುಣಪ್ಪ ಆಗಲೇ ಹೇಳಿಟ್ಟಿದ್ದ: "ಒಂದ ವರ್ಷ ಹೋತು, ಹೋಗ್ಲಿ. ಇದೂ ಹೋದ್ರ ಹಾಸಿಗಿ ಸುತಗೊಂಡ ಬಂದಬಿಡು. ಸೇರು ಹಿಡಿಯಾಕ ನನಗೂ ಒಬ್ಬಾಂವ ಬೇಕಾಗ್ಯಾನ."

ಸೇರು ಹಿಡಿಯುವುದೆಂದರೆ ಕಣದಲ್ಲಿ ಜೋಳದ ರಾಶಿ ಅಳೆಯುವುದು. ಮನೋಳಿಯಿಂದ ಉಗರಗೋಳದವರೆಗೆ ಯಾರ ಕಣದಲ್ಲಿ ಪಾಲಿನ ತಕರಾರು ಎದ್ದರೂ ಅಪ್ಪನನ್ನೇ ಕರೆಯುತ್ತಿದ್ದರು. ಅಪ್ಪ ಅಳೆದ ಮೇಲೆ ಎರಡು ಮಾತಿರಲಿಲ್ಲ. ಅವನ ಕಸುಬಿನ ಮೇಲೆ ನನಗೆ ತಾತ್ಸಾರವಿರಲಿಲ್ಲ. ನನಗೆ ಅದು ಬೇಡವಾಗಿತ್ತು, ಅಷ್ಟೇ. ನನಗೆ ಓದಬೇಕಿತ್ತು, ಮತ್ತು ಅದು ಕೈತಪ್ಪುತ್ತದೆಂಬ ಭಯಕ್ಕೆ ಎರಡು ದಿನದಿಂದ ತಾಟಿನ ರೊಟ್ಟಿ ಮುರಿಯದೆ ಏಳುತ್ತಿದ್ದೆ.

ಮನೆಯಲ್ಲೇ ಪ್ರಯೋಗ ಮಾಡಿ ನೋಡೋಣವೆಂದು ಗೌಂಡಿ ಲಕ್ಕಪ್ಪನ ತೂಗುಗುಂಡು ತಂದೆ. ಸಾಲಿಯ ಶಂಕ್ರೆಪ್ಪ ಮಾಸ್ತರರ ಸರಪಳಿ ಗಡಿಯಾರ ಬೇಡಿ ತಂದೆ. ಪಡಸಾಲೆಯಲ್ಲಿ ಕಾಳಿನ ಚೀಲದ ಮೇಲೆ ನಿಂತು ಜಂತಿಗೆ ದಾರ ಕಟ್ಟತೊಡಗಿದೆ. ಅವ್ವ ಕೆಂಚವ್ವ ಒಳಗಿನಿಂದ ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಜಂತಿಗೆ ಏನ ಕಟ್ಟಾಕತ್ತೀಯೋ ಬಸಲಿಂಗಾ?"

"ಅಭ್ಯಾಸದ್ದ ಅವ್ವಾ. ಗುಂಡ ತೂಗಬಿಡಬೇಕು."

"ಉಣ್ಣೂದ ಬಿಟ್ಟಿ, ಮಾತಾಡೂದ ಬಿಟ್ಟಿ, ಈಗ ಜಂತಿಗೆ ದಾರ ಕಟ್ಟಾಕತ್ತಿ. ಇಂಥಾ ಅಭ್ಯಾಸ ಬ್ಯಾಡಪಾ ನಮಗ."

ದಾರ ಎಳೆದು ತೋರಿಸಿದೆ. ಬೆಕ್ಕಿನ ಮರಿಯನ್ನೂ ಹೊರಲಾರದಷ್ಟು ಸಣ್ಣದು. ಆದರೂ ಅವಳು ಒಳಗೆ ಹೋಗಲಿಲ್ಲ, ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು.

ಗುಂಡನ್ನು ಒಂದು ಗೇಣು ಎಳೆದು ಬಿಟ್ಟೆ. ಲಾಭ, ಎರಡು, ಮೂರು. ನಮ್ಮ ಮನೆಯಲ್ಲಿ ಯಾರೂ ‘ಒಂದು’ ಎಂದು ಎಣಿಕೆ ಶುರುಮಾಡುವುದಿಲ್ಲ. ರಾಶಿಯ ಮೊದಲ ಸೇರಿಗೆ ಲಾಭವೆನ್ನಬೇಕು, ಆಮೇಲೆ ಎರಡು. ಪ್ರೊಫೆಸರರು ‘ಗುಂಡು ಬಿಡುವಾಗ ಸೊನ್ನೆ ಅನ್ನಿ’ ಎಂದಿದ್ದರು ನಿಜ. ಆದರೆ ಕಣದ ಮನೆಯವನ ಬಾಯಲ್ಲಿ ಮೊದಲಿಗೇ ಸೊನ್ನೆ ಹೇಗೆ ಬರುತ್ತದೆ? ಬರಿದೆನ್ನುವ ಮಾತಿನಿಂದ ಶುರುಮಾಡಿದರೆ ಬರಿದೇ ಆಗುತ್ತದೆಂದು ಕೇಳುತ್ತ ಬೆಳೆದವನು ನಾನು. ಲಾಭ ಎಂದೆ. ಇಪ್ಪತ್ತಕ್ಕೆ ಗಡಿಯಾರ ನೋಡಿದೆ. ಮೂವತ್ತೆಂಟು.

ಗುಂಡು ಬೇರೆ, ಗಡಿಯಾರ ಬೇರೆ, ಊರು ಬೇರೆ. ಸೆಕೆಂಡು ಮಾತ್ರ ಅವೇ ಮೂವತ್ತೆಂಟು. ಆರು ಸಲ ಮಾಡಿದೆ. ದಾರವಲ್ಲ, ಗುಂಡಲ್ಲ, ಲೆಕ್ಕವಲ್ಲ ಎಂದಮೇಲೆ ತಪ್ಪು ನನ್ನಲ್ಲೇ ಇದೆ, ಎಲ್ಲಿದೆಯೆಂದು ಮಾತ್ರ ತಿಳಿಯಲಿಲ್ಲ. ಆಗ ರಾಮದುರ್ಗದ ಗೆಳೆಯ ಭರಮಪ್ಪನ ಮಾತು ನೆನಪಾಯಿತು: "ಎಲ್ಲಾರಿಗೂ ನಲವತ್ತ ಬರತೈತಿ ಅಂದಮ್ಯಾಲ ನಲವತ್ತ ಬರದ ಬಿಡಲೇ. ಗುಂಡೇನ ಬಂದು ಸಾಕ್ಷಿ ಹೇಳತೈತೇನು?"

ವಹಿ ತೆಗೆದೆ. ಪೆನ್ಸಿಲಿನ ಮೂವತ್ತೆಂಟನ್ನು ರಬ್ಬರಿನಿಂದ ತಿಕ್ಕಿ ತೆಗೆದೆ. ನಲವತ್ತು ಎಂದು ಬರೆದೆ. ನನ್ನ ಅಕ್ಷರ ಅಷ್ಟು ದುಂಡಗೆ ಎಂದೂ ಬಿದ್ದಿರಲಿಲ್ಲ.

ತಲೆ ಎತ್ತಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಕಣದಿಂದ ಬಂದವನು, ರುಮಾಲಿಗೆಲ್ಲ ಹೊಟ್ಟು ಹತ್ತಿತ್ತು.

"ಏನ ಅಳಸಿದಿ?"

"ಏನಿಲ್ಲ. ನಾ ಏನ ಸುಳ್ಳ ಬರದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ. ಸುಳ್ಳಿನ ಸುದ್ದಿಯನ್ನು ಅಪ್ಪ ಎತ್ತಿರಲೇ ಇಲ್ಲ. ಅವನು ಚಪ್ಪಲಿ ಬಿಟ್ಟು ಬಂದು ವಹಿಯ ಮೇಲೆ ಬಗ್ಗಿದ.

"ಮದಲ ಎಷ್ಟಿತ್ತು?"

"ಮೂವತ್ತೆಂಟು."

"ಈಗ?"

"ನಲವತ್ತು."

"ನಡುವ ಮತ್ತ ಅಳದಿಯೇನು?"

ರಬ್ಬರನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದ್ದಳು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಅವನು ಕಾಳಿನ ಚೀಲಕ್ಕೆ ಒರಗಿ ಕೂತು, ಗುಂಡಿನ ಕಡೆ ಕೈಮಾಡಿದ.

"ಮಾಡು. ನಾ ನೋಡತೇನಿ."

ಗುಂಡು ಎಳೆದು ಬಿಟ್ಟೆ. "ಲಾಭ," ಎಂದೆ.

"ನಿಲ್ಲಸು."

ಗುಂಡು ಹಿಡಿದುಕೊಂಡೆ.

"ಹೋಗಿ ಬಂತೇನು?"

"ಇಲ್ಲ. ಈಗ ಬಿಟ್ಟೆ."

"ಮತ್ತ ಲಾಭ ಹೆಂಗಾತು?"

ಅಪ್ಪ ಖಾಲಿ ಕೈಯಲ್ಲೇ ಸೇರು ತುಂಬಿದಂತೆ ಮಾಡಿ ಎತ್ತಿ ಹಿಡಿದ. "ಹತ್ತ ವರ್ಷದಾಂವ ಇದ್ದಾಗೂ ನೀ ಹಿಂಗ ಮಾಡತಿದ್ದಿ. ಎತ್ತಿದಾಗ ಎಣಿಸಾವ. ಸೇರು ಚೀಲದಾಗ ಸುರದ ಮ್ಯಾಲ ಲಾಭ ಅನ್ನಬೇಕು. ಎತ್ತಿ ಹಿಡದು ಇಪ್ಪತ್ತ ಅಂದ್ರ, ಚೀಲದಾಗ ಎಷ್ಟ ಇರತಾವು?"

"ಹತ್ತೊಂಬತ್ತು," ಎಂದೆ. ನಾಲ್ಕು ತಿಂಗಳಿನಿಂದ ನಾನು ಹತ್ತೊಂಬತ್ತು ತೂಗಾಟ ಅಳೆದು ಇಪ್ಪತ್ತರಿಂದ ಭಾಗಿಸುತ್ತಿದ್ದೆ. ಒಂದು ತೂಗಾಟಕ್ಕೆ ಎರಡು ಸೆಕೆಂಡು. ಕಳೆದುಹೋದದ್ದು ಅದೇ ಎರಡು.

ಮತ್ತೆ ಬಿಟ್ಟೆ. ಎಣಿಸಿದವನು ಅಪ್ಪ, ಕಣದಲ್ಲಿ ಕೂಗುವ ದನಿಯಲ್ಲಿ. ಗುಂಡು ಹೋಗಿ ತಿರುಗಿ ಬಂದ ಮೇಲೆಯೇ ಲಾಭ. ನನ್ನ ಕಣ್ಣು ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ. ಅವನು ಇಪ್ಪತ್ತು ಎಂದಾಗ ಮುಳ್ಳು ಸರಿಯಾಗಿ ನಲವತ್ತಕ್ಕೆ ಬಂದಿತ್ತು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

"ಬರಿ," ಎಂದ ಅಪ್ಪ.

"ಬರದದ್ದ ಐತಲ್ಲಪಾ. ನಲವತ್ತು."

"ಅದು ಅಳದದ್ದಲ್ಲ. ಅಳಸು."

ಎರಡನೆಯ ಸಲ ತಿಕ್ಕಿದ್ದಕ್ಕೆ ಕಾಗದ ಹರಿದು ಕಾಳಿನಷ್ಟು ತೂತು ಬಿತ್ತು. ಅದರ ಪಕ್ಕದಲ್ಲಿ ನಲವತ್ತು ಎಂದು ಬರೆದೆ. ತೂತಿನ ಅಂಚಿಗೆ ಪೆನ್ಸಿಲು ಸಿಕ್ಕಿ ಅಂಕಿ ಸೊಟ್ಟಗೆ ಬಿತ್ತು. ನೋಡಿದವರು ಯಾರಾದರೂ ಇದನ್ನೇ ಕಳ್ಳ ಅಂಕಿ ಎನ್ನುತ್ತಿದ್ದರು. ಧಾರವಾಡದ ದಾರಿಯುದ್ದಕ್ಕೂ ಬಂಡಿಯಲ್ಲಿ ಆ ತೂತಿನದೇ ಚಿಂತೆ.

ಸೋಮವಾರ ಪ್ರೊಫೆಸರರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ಕಲಿಸುವುದು ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಮಾತ್ರ ಕನ್ನಡ.

"ಮೂವತ್ತೆಂಟು ಅಳಿಸಿ ನಲವತ್ತು ಮಾಡೀಯೇನು?"

"ಎರಡು ಸಲ ಅಳಸೇನಿರಿ ಸರ್. ಮದಲ ಮೂವತ್ತೆಂಟು. ಆಮ್ಯಾಲ ನಲವತ್ತು."

"ನಲವತ್ತು ಅಳಿಸಿ ಏನು ಬರದಿ?"

"ನಲವತ್ತ ರೀ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅವರು ನಗಲಿಲ್ಲ. "ಯಾಕ?" ಎಂದು ಕೇಳಿದರು. ಹೇಳಿದೆ. ಭರಮಪ್ಪನ ಹೆಸರೊಂದು ಬಿಟ್ಟು ಎಲ್ಲವನ್ನೂ ಹೇಳಿದೆ: ಸೊನ್ನೆ ಬಾರದ ಬಾಯಿ, ಕದ್ದ ನಲವತ್ತು, ಅಪ್ಪ ಎತ್ತಿ ಹಿಡಿದ ಖಾಲಿ ಸೇರು. ಅವರು ಎದ್ದು ಗುಂಡು ತೂಗಬಿಟ್ಟ ಮೂಲೆಗೆ ಹೋದರು, ಜೇಬಿನಿಂದ ಗಡಿಯಾರ ತೆಗೆದರು.

"ಬಿಡು."

ಬಿಟ್ಟೆ. ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಗುಂಡು ದೂರ ಹೋಯಿತು. ಅದು ತಿರುಗಿತು, ನನ್ನ ಬೆರಳಿನ ಹತ್ತಿರ ಬಂತು. ನಾನು ಬಾಯಿ ತೆರೆಯುವ ಮೊದಲೇ ಪ್ರೊಫೆಸರರು ಗಡಿಯಾರದಿಂದ ಕಣ್ಣು ತೆಗೆಯದೆ, "ಲಾಭ," ಎಂದರು.

ಇಪ್ಪತ್ತಕ್ಕೆ ನಲವತ್ತು ಬಂತು. ಅವರು ಆ ತೂತಿನ ಪಕ್ಕದಲ್ಲೇ ಸಹಿ ಹಾಕಿದರು.