ಲಿಫ್ಟಿನಲ್ಲಿ ಅಮ್ಮನ ಸರದಿ

ಮಗಳು ಸಿಮೆಂಟಿನ ಚೀಲಗಳನ್ನು ದಾಟಿಕೊಂಡು ಹೋಟೆಲಿನೊಳಗೆ ಓಡಿದಳು. ಎದುರಿಗಿದ್ದ ಅವಳ ತವರುಮನೆಯ ಬಾಗಿಲಿಗೆ ಶವದ ಗಾಡಿ ಬಂದು ನಿಂತಿತ್ತು. ಅಪ್ಪನಿಗೆ ಹೆಗಲು ಕೊಡಬೇಕಾದ ಅಳಿಯನೇ ಬೆಳಗಿನಿಂದ ಪತ್ತೆಯಿರಲಿಲ್ಲ. ಎಲ್ಲಿರುತ್ತಾನೆಂದು ಅವಳಿಗೆ ಗೊತ್ತಿತ್ತು.

ಗಂಡ ಹಳೆಯ ಲಿಫ್ಟಿನ ಜಾಲರಿ ಬಾಗಿಲ ಮುಂದೆ ಮಂಡಿಯೂರಿದ್ದ. ಮೊಣಕೈವರೆಗೂ ಗ್ರೀಸು.

“ಏನ್ರೀ ಇದು? ಸ್ವಂತ ಮಾವನ್ನ ಹೊರೋಕೂ ನಿಮಗೆ ಪುರುಸೊತ್ತಿಲ್ವಾ?”

“ಬೈಬೇಡ್ವೇ. ಈಗಷ್ಟೇ ಮೋಟಾರಿಗೆ ಜೀವ ಬಂತು. ಗಾಡಿಯವನಿಗೆ ಸ್ವಲ್ಪ ನಿಲ್ಲೋಕೆ ಹೇಳು. ಮಾವ ಮನೆ ಬಿಡೋದ್ರೊಳಗೆ ಅತ್ತೇನ ಮೇಲೆ ಕರ್ಕೊಂಡು ಹೋಗ್ಬೇಕು.”

ಅವನು ಒಳಗೆ ಹೋಗಿ ಲಿಫ್ಟು ನಡೆಸುವ ಹಿಡಿ ತಿರುಗಿಸಿದ. ಮೇಲೆಲ್ಲೋ ಗಡಗಡ ಸದ್ದಾಯಿತು. ವರ್ಷಗಟ್ಟಲೆ ಅಲುಗಾಡದೆ ಬಿದ್ದಿದ್ದ ಲಿಫ್ಟು ಮೊಳದಷ್ಟು ಮೇಲೇರಿ ನಿಂತಿತು. ಗಾರೆ ಕೆಲಸದವರು ಕರಣೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಮಗಳ ಸಿಟ್ಟು ಎಲ್ಲಿ ಹೋಯಿತೋ, ಅವಳು ಮನೆಯತ್ತ ಓಡಿದಳು.

*

ಆ ಹೋಟೆಲು ಊರಿಗೇ ದೊಡ್ಡದಾಗಿದ್ದ ಕಾಲದಲ್ಲಿ ಅಪ್ಪ ಅಲ್ಲಿ ಲಿಫ್ಟು ನಡೆಸುತ್ತಿದ್ದ. ಮದುವೆಯಾದ ಹೊಸತರಲ್ಲಿ, ತಾರಸಿಯಿಂದ ಊರು ತೋರಿಸುತ್ತೇನೆಂದು ಹೆಂಡತಿಯನ್ನು ಕರೆತಂದ. ಮ್ಯಾನೇಜರು ಅಡ್ಡ ಬಂದ. ಕೆಲಸದವರ ಮನೆಯವರು ಲಿಫ್ಟು ಹತ್ತುವಂತಿಲ್ಲ, ಹಿಂದೆ ಮೆಟ್ಟಿಲಿದೆ ಎಂದ. ಅಷ್ಟರಲ್ಲಿ ಯಾರೋ ಅತಿಥಿಯ ನಾಯಿಯನ್ನು ಗಾಳಿಗೆಂದು ಮೇಲೆ ಕರೆದೊಯ್ಯಬೇಕಾಯಿತು. ಅಪ್ಪ ನಾಯಿಯ ಜತೆ ಲಿಫ್ಟಿನಲ್ಲಿ ಹೋದ. ಅಮ್ಮ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ತಾರಸಿ ಮುಟ್ಟುವ ಹೊತ್ತಿಗೆ ನಾಯಿ ಇಳಿದುಹೋಗಿತ್ತು. ಅಪ್ಪನೂ.

ಆಮೇಲೆ ಮನೆಯಲ್ಲಿ ಯಾವ ಜಗಳವಾದರೂ ಅಮ್ಮ ಅದನ್ನು ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು. “ನನ್ನ ಮಾತು ಯಾಕೆ ಕೇಳ್ತೀರಾ? ನಾನೇನು ನಾಯೀನಾ?”

ಅಪ್ಪ ನಗುತ್ತಿದ್ದ. ಒಂದಲ್ಲ ಒಂದು ದಿನ ಹತ್ತಿಸಿಯೇ ತೀರುತ್ತೇನೆ ಎನ್ನುತ್ತಿದ್ದ. ಆದರೆ ಲಿಫ್ಟು ಕೆಟ್ಟಿತು, ಹೋಟೆಲು ಮುಚ್ಚಿತು. ಈಗ ಹೊಸ ಮಾಲೀಕರು ಹೋಟೆಲನ್ನು ಮೊದಲಿನಂತೆಯೇ ಮಾಡಲು ಹೊರಟು, ಲಿಫ್ಟಿನ ಕೆಲಸ ಅಳಿಯನಿಗೇ ಸಿಕ್ಕಿದಾಗ ಅಪ್ಪ ಹಾಸಿಗೆ ಹಿಡಿದಾಗಿತ್ತು. ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ: ಎಲ್ಲಿಗೆ ಬಂತು?

*

ಮಗಳು ಓಡಿಬಂದು ಅಮ್ಮನ ಕಿವಿಯಲ್ಲಿ ಹೇಳಿದಳು. ಅದು ಸೋದರತ್ತೆಗೂ ಕೇಳಿಸಿತು. ತಮ್ಮನನ್ನು ಇಲ್ಲಿ ಮಲಗಿಸಿಕೊಂಡು ಇದೆಂಥ ಹುಡುಗಾಟ ಎಂದು ಅವಳು ರೇಗಿದಳು. ಗಾಡಿಯ ಚಾಲಕ ತನಗೆ ಇನ್ನೊಂದು ಕಡೆ ಹೋಗುವುದಿದೆ ಎಂದು ಗೊಣಗಿದ.

ಅಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು. “ಇವರಿಗೆ ಯಾವತ್ತೂ ಹೊತ್ತುಗೊತ್ತು ಅನ್ನೋದೇ ಇರಲಿಲ್ಲ,” ಎಂದು ಮೊಣಕಾಲಿಗೆ ಕೈಯೂರಿ ಎದ್ದಳು. “ನಡಿಯೇ.”

ಬೀದಿ ದಾಟುವಷ್ಟರಲ್ಲಿ ಅರ್ಧ ಮನೆಯೇ ಬೆನ್ನ ಹಿಂದಿತ್ತು. ಅಪ್ಪನ ಬಳಿ ಕೂರಲು ಒಪ್ಪಿಕೊಂಡ ಪಕ್ಕದ ಮನೆಯ ದರ್ಜಿ, ಹೇಗಿತ್ತೆಂದು ಬಂದು ತನಗೂ ಹೇಳಬೇಕೆಂದು ಬಾಗಿಲಿಂದಲೇ ಕೂಗಿದ.

ಅಳಿಯ ಜಾಲರಿ ಎಳೆದುಕೊಂಡ. ಅಮ್ಮನನ್ನೂ ಅವನನ್ನೂ ಹೊತ್ತು ಲಿಫ್ಟು ನಡುಗುತ್ತ ಮೇಲೇರಿ ಮರೆಯಾಯಿತು. ಸದ್ದು ನಿಂತಿತು. ಎಷ್ಟು ಹೊತ್ತಾದರೂ ಏನೂ ಇಲ್ಲ. ಕೊನೆಗೆ ಅಳಿಯನೊಬ್ಬನೇ ಮೆಟ್ಟಿಲಿಳಿದು ಬಂದ.

ಮಗಳು ಅವನತ್ತ ಓಡಿದಳು. “ಅಮ್ಮ ಎಲ್ಲಿ?”

“ಹಿಡಿ ಎತ್ತ ತಿರುಗಿಸ್ಬೇಕು ಅಂತ ಕೇಳಿದ್ರು. ಹೇಳಿಕೊಟ್ಟೆ. ನನ್ನನ್ನ ಇಳಿಸ್ಬಿಟ್ರು.”

ಮೇಲೆ ಮತ್ತೆ ಗಡಗಡ ಶುರುವಾಯಿತು. ಲಿಫ್ಟು ಇಳಿಯಿತು. ಎಲ್ಲರೂ ಮುಂದೆ ಬಂದರು. ನೆಲ ಮುಟ್ಟುವ ಮೊದಲೇ ಅದು ಮತ್ತೆ ಮೇಲೆ ಹೊರಟಿತು. ಸೋದರತ್ತೆ ಜಾಲರಿಯ ಹತ್ತಿರ ಹೋಗಿ ಮೇಲೆ ನೋಡಿದಳು. ಹೊರಗೆ ಗಾಡಿಯ ಇಂಜಿನ್ ಆಫ್ ಆಯಿತು. ಚಾಲಕ ಒಳಗೆ ಬಂದು ಅವಳ ಪಕ್ಕದಲ್ಲಿ ಕತ್ತೆತ್ತಿ ನಿಂತ.

ಜಾಲರಿಯ ಹಿಂದೆ ಅಮ್ಮ ಇನ್ನೊಮ್ಮೆ ಕೆಳಗೆ ಬಂದಳು. ಬೆನ್ನು ನೆಟ್ಟಗಿತ್ತು. ಒಂದು ಮೂಲೆಗೆ ಒತ್ತಿ, ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದಳು. ಯಾರ ಕಡೆಗೂ ನೋಡದೆ ಹಿಡಿ ತಿರುಗಿಸಿದಳು.