ಸಿಹಿಯಿಲ್ಲದ ಕೇಕು

ಯತೀಶನಿಗೆ ಶುಗರ್ ಬಂದು ಎಂಟು ತಿಂಗಳಾಗಿತ್ತು. ಅಂದಿನಿಂದ ಸಿಡ್ನಿಯ ಟೂಂಗಾಬಿಯ ಅವನ ಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆ ಅನ್ನುವುದು ಹೆಂಡತಿ ನೀಲಾಂಬಿಕಾಗೆ ಮಾತ್ರ ಗೊತ್ತು. ಹಾಗಾಗಿ ಮೆಲ್ಬರ್ನ್‌ನಿಂದ ಇಂದ್ರೇಶ ಫೋನ್ ಮಾಡಿ, "ಲೋ ಯತಿ, ನಂಗೆ ನಲವತ್ತೈದು ತುಂಬ್ತಿದೆ ಕಣೋ. ಮಾಲಿನ್ ಅವರೂರಿನ ಕೇಕ್ ಮಾಡ್ತಾಳಂತೆ. ಇಬ್ರೂ ಬರಬೇಕು" ಅಂದಾಗ ಯತೀಶನ ಕಿವಿಗೆ ಬಿದ್ದದ್ದು ಕೇಕ್ ಅನ್ನುವ ಒಂದೇ ಮಾತು. ಆ ಸಂಜೆಯೇ ಟಿಕೆಟ್ ಬುಕ್ ಮಾಡಿದ.

ಇಂದ್ರೇಶ ದಾವಣಗೆರೆಯಲ್ಲಿ ಇವನ ಜೊತೆ ಓದಿದವನು. ಮೆಲ್ಬರ್ನಿಗೆ ಬಂದು, ಅಲ್ಲೇ ಕಾಯಂ ಇರಲು ಪಿಆರ್ ಸಿಕ್ಕ ಮೇಲೆ ಸ್ವೀಡನ್ನಿನ ಮಾಲಿನ್‌ಳನ್ನು ಮದುವೆಯಾಗಿ ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿದ್ದ. ಗೆಳೆಯನ ಹೆಂಡತಿಯನ್ನು ಇವರಿಬ್ಬರೂ ಇದುವರೆಗೆ ವಿಡಿಯೋದಲ್ಲಿ ಮಾತ್ರ ನೋಡಿದ್ದರು.

ಜುಲೈ ತಿಂಗಳ ಒಂದು ಶನಿವಾರ, ಅಲ್ಲಿ ಕೊರೆಯುವ ಚಳಿಗಾಲ. ಎರಡು ಗಂಟೆಗೆ ಬನ್ನಿ ಅಂದಿದ್ದರು, ಇವರು ಹತ್ತು ನಿಮಿಷ ಮೊದಲೇ ತಲುಪಿದರು. ಮನೆ ಮುಂದಿನ ಲೆಟರ್‌ಬಾಕ್ಸ್ ಪಕ್ಕ ಬಿಳಿ ಕೂದಲಿನ ಗಂಡಹೆಂಡತಿ ಹೂವಿನ ಗೊಂಚಲು ಹಿಡಿದು ಸುಮ್ಮನೆ ನಿಂತಿದ್ದರು. ಯತೀಶ ಬೆಲ್ ಒತ್ತಲು ಹೊರಟರೆ ಆ ಯಜಮಾನರು ಕೈ ಅಡ್ಡ ಹಿಡಿದರು.

"ಇನ್ನೂ ಎಂಟು ನಿಮಿಷ ಇದೆ" ಅಂದರು ಇಂಗ್ಲಿಷಿನಲ್ಲಿ.

"ಪರವಾಗಿಲ್ಲ, ನಮ್ಮವರದೇ ಮನೆ."

"ನಮ್ಮದೂ ಹಾಗೇ. ನಾನು ಮಾಲಿನ್ ಚಿಕ್ಕಪ್ಪ, ಟೋರ್ಸ್ಟೆನ್. ಇವಳು ಗುನೆಲ್. ಗೀಲಾಂಗ್‌ನಿಂದ ಬಂದಿದ್ದೇವೆ. ಹೇಳಿದ ಹೊತ್ತಿಗೆ ಮುಂಚೆ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ."

ಹಿರಿಯರ ಮಾತು ಮೀರುವುದು ಹೇಗೆ? ನಾಲ್ವರೂ ಸಾಲಾಗಿ ನಿಂತರು. ಗಾಳಿ ಕಿವಿ ಕತ್ತರಿಸುತ್ತಿತ್ತು. ಕಿಟಕಿಯಿಂದ ನೋಡಿದ ಇಂದ್ರೇಶ ಒಳಗೆ ಬನ್ನಿ ಅಂತ ಕೈ ಬೀಸಿದ. ಟೋರ್ಸ್ಟೆನ್ ಅವನಿಗೆ ಗಡಿಯಾರ ತೋರಿಸಿದರು.

"ರೀ, ರಾಹುಕಾಲ ಕಳೆಯೋವರೆಗೂ ಹೊಸ್ತಿಲು ದಾಟಿಸದ ನಮ್ಮ ಚನ್ನಕ್ಕತ್ತೆ ಇವರಿಗಿಂತ ವಾಸಿ" ಅಂತ ನೀಲಾಂಬಿಕಾ ಹಲ್ಲು ಕಟಕಟಿಸುತ್ತಲೇ ಪಿಸುಗುಟ್ಟಿದಳು.

ಎರಡಕ್ಕೆ ಸರಿಯಾಗಿ ಬೆಲ್ ಆಯಿತು. ಮಾಲಿನ್ ಬಾಗಿಲು ತೆಗೆದು, "ಬನ್ನಿ ಬನ್ನಿ, ಚೆನ್ನಾಗಿದ್ದೀರಾ?" ಅಂತ ಕನ್ನಡದಲ್ಲೇ ಕೇಳಿದಳು. ಅವಳ ಕನ್ನಡ ಅಲ್ಲಿಗೆ ಮುಗಿಯಿತು. ಎಲ್ಲರೂ ಚಪ್ಪಲಿ, ಶೂ ಬಿಚ್ಚಿ ಕಾಲುಚೀಲದಲ್ಲೇ ಒಳಗೆ ಹೋದರು. ಅಡುಗೆಮನೆಯಲ್ಲಿ ಬೆಂದ ಆಲೂಗಡ್ಡೆಯ ಮೇಲೆ ಉದುರಿಸಿದ್ದ ಸೊಪ್ಪು ಕಂಡು ನೀಲಾಂಬಿಕಾ ಕುಣಿದಾಡಿಬಿಟ್ಟಳು. "ಅಯ್ಯೋ, ಇದು ಸಬ್ಬಸಿಗೆ! ನಾವು ಅಕ್ಕಿರೊಟ್ಟಿಗೆ ಹಾಕ್ತೀವಿ!" ಗುನೆಲ್ ಕೂಡಲೇ ಪಕ್ಕ ಬಂದು ನಿಂತರು. ಇಬ್ಬರ ಸೊಪ್ಪಿನ ಮಾತು ನಿಲ್ಲಲೇ ಇಲ್ಲ.

ಹೆಂಡತಿಯ ಗಮನ ಬೇರೆಡೆ ಇದ್ದದ್ದೇ ತಡ, ಯತೀಶ ಕೈ ತೊಳೆಯುವ ನೆಪದಲ್ಲಿ ಹಿಂದಿನ ಲಾಂಡ್ರಿ ರೂಮಿಗೆ ಹೋದ. ತಣ್ಣಗಿರಲಿ ಅಂತ ಕೇಕುಗಳನ್ನು ಅಲ್ಲಿಟ್ಟಿದ್ದರು. ಒಂದಕ್ಕೆ ಫಾಯಿಲ್ ಮುಚ್ಚಿತ್ತು. ಇನ್ನೊಂದು ಅವನಿಗಾಗಿಯೇ ತೆರೆದು ಕೂತಂತಿತ್ತು. ಬೆಳ್ಳನೆ ಕೆನೆ, ಮೇಲೆ ಕಿವಿ ಹಣ್ಣು, ಕೆಂಪು ಕೆಂಪು ಸ್ಟ್ರಾಬೆರಿ. ಎಂಟು ತಿಂಗಳ ಆಸೆಯೆಲ್ಲ ಸೇರಿಸಿ ಅಂಗೈಯಗಲದ ತುಂಡು ಕತ್ತರಿಸಿ, ಅರ್ಧವನ್ನು ಒಮ್ಮೆಲೇ ಬಾಯಿಗೆ ತುರುಕಿಕೊಂಡ.

ಉಪ್ಪು! ಕಿವಿ ಹಣ್ಣು ಅಂದುಕೊಂಡದ್ದು ಸೌತೆಕಾಯಿ, ಸ್ಟ್ರಾಬೆರಿ ಅಂದುಕೊಂಡದ್ದು ಮೂಲಂಗಿ. ಕೆನೆಯೊಳಗೆ ಬ್ರೆಡ್ಡು, ಚೀಸು. ಅದರೊಳಗೆ ಸಾಸಿವೆಯನ್ನೂ ಮೀರಿಸುವ ಯಾವುದೋ ಘಾಟು ಬೇರು ಸೀದಾ ಮೂಗಿಗೆ ಏರಿತು. ಕಣ್ಣಲ್ಲಿ ನೀರು ಧಾರಾಕಾರ. ಉಗುಳಲಾರದೆ, ನುಂಗಲಾರದೆ ತಿರುಗಿದರೆ ಬಾಗಿಲಲ್ಲಿ ಟೋರ್ಸ್ಟೆನ್! ಅವರು ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟರು. ಯತೀಶ ಉಳಿದದ್ದನ್ನೂ ನುಂಗಿ, ತಲೆ ತಗ್ಗಿಸಿ ಹೊರಗೆ ಬಂದ.

ಸ್ವಲ್ಪ ಹೊತ್ತಿಗೆ ಲಾಂಡ್ರಿ ರೂಮಿನಿಂದ ಮಾಲಿನ್ ಕೂಗು ಕೇಳಿತು. "ಯಾರೋ ಕೇಕ್ ತಿಂದಿದ್ದಾರೆ!"

ಹಾಲ್‌ನಲ್ಲಿ ಕೂತಿದ್ದವರೆಲ್ಲ ಆ ಕಡೆ ತಿರುಗಿದರು. ಯತೀಶ ಕರವಸ್ತ್ರವನ್ನು ಜೇಬಿಗೆ ತುರುಕಿಕೊಂಡ. ಅಷ್ಟರಲ್ಲಿ ಟೋರ್ಸ್ಟೆನ್ ಎದ್ದು ನಿಂತರು. "ಕ್ಷಮಿಸಮ್ಮ. ನಾನೇ ತಿಂದೆ."

ಯತೀಶನ ಎದೆ ತುಂಬಿ ಬಂತು. ಪರಿಚಯವಾಗಿ ಒಂದು ಗಂಟೆಯಾಗಿಲ್ಲ, ಕಣ್ಣಾರೆ ಕಂಡೂ ತನ್ನ ತಪ್ಪನ್ನು ತಮ್ಮ ತಲೆಗೆ ಹಾಕಿಕೊಳ್ಳುತ್ತಿದ್ದಾರಲ್ಲ! ಗುನೆಲ್ ಗಂಡನನ್ನು ಸುಡುವಂತೆ ನೋಡಿದಾಗ ಅವನಿಗೆ ತಡೆಯಲಾಗಲಿಲ್ಲ.

"ಇಲ್ಲ ಮೇಡಂ, ಅವರು ದೊಡ್ಡ ಮನುಷ್ಯರು, ನನ್ನನ್ನ ಉಳಿಸೋಕೆ ಹಾಗಂತಿದಾರೆ. ತಿಂದೋನು ನಾನು. ಸಿಹಿ ಕೇಕ್ ಅಂದ್ಕೊಂಡು ಕದ್ದು ತಿಂದೆ. ನೀಲಾ, ಬೈಯೋದಿದ್ರೆ ನನಗೆ ಬೈ."

ಟೋರ್ಸ್ಟೆನ್ ಗಾಬರಿಯಿಂದ ಇವನನ್ನು ನೋಡಿದರು. ಮಾಲಿನ್ ತಮ್ಮೂರಿನಲ್ಲಿ ಬ್ರೆಡ್ಡು ಪೇರಿಸಿ ಮಾಡುವ ಆ ಎರಡೂ ಉಪ್ಪು ಕೇಕುಗಳನ್ನು ತಂದು ಮೇಜಿನ ಮೇಲಿಟ್ಟಳು. ತರಕಾರಿ ಕೇಕಿನಲ್ಲಿ ಒಂದು ತುಂಡಿನ ಜಾಗ ಖಾಲಿ. ಫಾಯಿಲ್ ತೆಗೆದ ಮೀನಿನ ಕೇಕಿನಲ್ಲಿ ಕಾಲು ಭಾಗವೇ ಮಾಯ.

"ಟೋರ್ಸ್ಟೆನ್! ನಿನ್ನ ಬಿಪಿ!" ಅಂದರು ಗುನೆಲ್. "ಉಪ್ಪು ಮೀನು ಮುಟ್ಟಲ್ಲ ಅಂತ ಡಾಕ್ಟರ್ ಎದುರಿಗೆ ಮಾತು ಕೊಟ್ಟಿದ್ದಿ!"

ಇಂದ್ರೇಶ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. "ಹುಟ್ಟುಹಬ್ಬ ನಂದು, ತಿಂದೋರು ನೀವು!" ಟೋರ್ಸ್ಟೆನ್ ಕಿವಿ ಮೂಲಂಗಿಗಿಂತ ಕೆಂಪಾಗಿತ್ತು. ನೀಲಾಂಬಿಕಾ ಕೋಪ ಮಾಡಿಕೊಳ್ಳಲು ಹೋಗಿ ಆಗದೆ ಸೆರಗು ಬಾಯಿಗೊತ್ತಿಕೊಂಡಳು. ಉಳಿದ ಕೇಕನ್ನೆಲ್ಲ ಎಲ್ಲರೂ ಹಂಚಿಕೊಂಡು ತಿಂದರು. ಎರಡನೇ ಸಲ ತಿನ್ನುವಾಗ ಯತೀಶನಿಗೆ ಅದು ರುಚಿಯೆನಿಸಿತು.

ಮರುದಿನ ಅವರನ್ನು ಏರ್‌ಪೋರ್ಟಿಗೆ ಬಿಟ್ಟವರು ಟೋರ್ಸ್ಟೆನ್ನೇ. ದಾರಿಯುದ್ದಕ್ಕೂ ಅವರು ತಮ್ಮ ದ್ವೀಪದ ಊರು, ದೋಣಿ ಕಟ್ಟುತ್ತಿದ್ದ ಅಪ್ಪ, ಮೀನು ಹೊಗೆಯಾಡಿಸುವ ಗುಡಿಸಲು ಎಲ್ಲವನ್ನೂ ಹೇಳಿದರು. ಇಳಿಯುವಾಗ ಯತೀಶನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಸಿಡ್ನಿಗೆ ಕರೀಬೇಕು ಇವರನ್ನ" ಅಂದ ಯತೀಶ, ವಿಮಾನದಲ್ಲಿ ಕೂತ ಮೇಲೆ.

"ನೀವು ಕರೆಯೋವರೆಗೂ ಕಾಯ್ತಾರಾ? ಗುನೆಲ್ ಅಕ್ಟೋಬರ್‌ಗೆ ಟಿಕೆಟ್ ನೋಡ್ತಿದಾರೆ" ಅಂದಳು ನೀಲಾಂಬಿಕಾ, ಬೆಲ್ಟ್ ಬಿಗಿದುಕೊಳ್ಳುತ್ತ.